ಅಕ್ಕನ ತಡವಾದ ನಗು

ತುಳು ನಾಟಕದಲ್ಲಿ ನಾನು ಹಾಸ್ಯಗಾರ. ಉಡುಪಿಯಿಂದ ಕಾರ್ಕಳದವರೆಗೆ ನನಗೆ ಹೆಸರು ಬಂದದ್ದು ಆಡಿದ ಮಾತಿಗಿಂತ ಹೆಚ್ಚಾಗಿ, ಮಾತಾಡಿ ಸುಮ್ಮನೆ ನಿಲ್ಲುವುದರಿಂದ. ಧಣಿಯ ಪಾತ್ರದವರು, "ಸಾರಿನಲ್ಲಿ ಮೀನೆಲ್ಲಿ ಮಾರಾಯ?" ಎಂದು ಗದರಿಸುತ್ತಾರೆ. ಆಳಾದ ನಾನು, "ಬರ್ತದೆ ಧಣಿ, ಬೋಟ್ ಇನ್ನೂ ದಡ ಮುಟ್ಟಲಿಲ್ಲ" ಅನ್ನುತ್ತೇನೆ. ಜನ ನಗುತ್ತಾರೆ. ನಗು ನಿಂತ ಮೇಲೂ ನಾನು ಬಾಯಿ ಬಿಡುವುದಿಲ್ಲ. ಮೊಬೈಲಿನಲ್ಲಿ ಊರೂರು ಸುತ್ತಿದ್ದು ಆ ಮೌನವೇ. ಹೊಸ ಹುಡುಗರು ಅದನ್ನು ನಕಲು ಮಾಡುತ್ತಾರೆ. ಎಂಥ ಟೈಮಿಂಗ್ ಎಂದು ಹೊಗಳಿ ಶಾಲು ಹೊದಿಸಿದವರು ಬಹಳ ಮಂದಿ.

ಟೈಮಿಂಗ್ ಎಂತ ಮಣ್ಣಂಗಟ್ಟಿ! ನಾನು ಅಕ್ಕನಿಗಾಗಿ ಕಾಯುತ್ತಿದ್ದೆ, ಅಷ್ಟೇ.

ಕಾಪುವಿನಲ್ಲಿ ಮೀನು ಮಾರಿ ನನ್ನನ್ನು ಸಾಕಿದ ಅಕ್ಕನಿಗೆ ಕಿವಿ ಮಂದ. ನಾಟಕಕ್ಕೆ ಬಂದರೆ ಎದುರು ಸಾಲಿನಲ್ಲೇ ಕೂರಬೇಕು. ಎಲ್ಲರೂ ನಕ್ಕಾಗ ಅವಳು ಪಕ್ಕದವರನ್ನು ಮೊಣಕೈಯಿಂದ ತಿವಿದು, "ತಮ್ಮ ಎಂತ ಹೇಳಿದ?" ಅನ್ನುತ್ತಿದ್ದಳು. ಅವರು ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕು. ಆಮೇಲೆ ಬರುತ್ತಿತ್ತು ಅವಳ ನಗು, ಗಿರಾಕಿ ಕರೆಯುವ ಅದೇ ದೊಡ್ಡ ಗಂಟಲಿನಲ್ಲಿ. ಅದನ್ನು ಕೇಳಿ ಸಭೆ ಮತ್ತೊಮ್ಮೆ ನಗುತ್ತಿತ್ತು. ಅವಳು ನಗುವ ಮೊದಲು ಮುಂದಿನ ಮಾತು ಹೇಳಿದರೆ ಅದೂ ಅವಳಿಗೆ ತಪ್ಪಿಹೋಗುತ್ತದಲ್ಲ, ಪಾಪ, ಎಂದು ನಾನು ನಿಲ್ಲುತ್ತಿದ್ದೆ. ಕಾದು ಕಾದು ಅಭ್ಯಾಸವಾಗಿ, ಅವಳು ಬಾರದ ಊರಿನಲ್ಲೂ ಅಷ್ಟೇ ಹೊತ್ತು ನಿಲ್ಲತೊಡಗಿದೆ.

ಕಳೆದ ಮಳೆಗಾಲ ಅಕ್ಕ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದಳು. ವಾರ್ಡಿನವರು ನನ್ನ ಗುರುತು ಹಿಡಿದು, ಒಂದು ಡೈಲಾಗ್ ಹೇಳಿ ಎಂದರು. ಸಿಟ್ಟೇ ಬಂತು. ಆದರೂ ಅಕ್ಕನಿಗೆ ಕೇಳಲಿ ಎಂದು ಬೋಟಿನ ಮಾತನ್ನು ಜೋರಾಗಿ ಹೇಳಿದೆ. ನರ್ಸ್ ನಕ್ಕರು, ಪಕ್ಕದ ಮಂಚದ ಹೆಂಗಸು ನಕ್ಕರು. ಅಕ್ಕ ಅವರ ಮುಖ ನೋಡಿ, "ತಮ್ಮ ಎಂತ ಹೇಳಿದ?" ಅಂದಳು. ನಾನೇ ಬಗ್ಗಿ ಅವಳ ಕಿವಿಯಲ್ಲಿ ಹೇಳಿ, ಕಾದೆ. ಅವಳು ನನ್ನನ್ನೇ ನೋಡುತ್ತಾ, "ನಿಂದು ಊಟ ಆಯ್ತಾ?" ಎಂದು ಕೇಳಿದಳು. ಅದೇ ವಾರ ತೀರಿಕೊಂಡಳು.

ಆಮೇಲಿನ ಮೊದಲ ನಾಟಕ ಕಾರ್ಕಳದಲ್ಲಿ. ಬೋಟಿನ ಮಾತು ಹೇಳಿ ನಿಂತೆ. ಜನ ನಕ್ಕರು, ನಗು ನಿಂತಿತು. ಅವಳಿಲ್ಲದ ಸಭೆಯ ಮುಂದೆ ಎಷ್ಟೋ ಸಲ ಹಾಗೆ ನಿಂತವನು ನಾನು. ಆದರೆ ಆಗೆಲ್ಲ ಅವಳು ಕಾಪುವಿನ ಮನೆಯಲ್ಲಿದ್ದಳು. ಈಗ ಮುಂದಿನ ಮಾತು ಬಾಯಿಗೆ ಬರಲೇ ಇಲ್ಲ. ಇಷ್ಟು ವರ್ಷ ಹೊಟ್ಟೆ ತುಂಬಿದ ಹಾಗೆ ಅನಿಸುತ್ತಿದ್ದದ್ದು ಆ ಒಂದು ನಗುವಿನಿಂದ ಎಂಬುದು ಅಲ್ಲಿ, ಅಷ್ಟು ಜನರೆದುರು ಗೊತ್ತಾಯಿತು.

ಧಣಿಯ ಪಾತ್ರದವರು ಮೆಲ್ಲಗೆ, "ಎಂತ, ಮರೆತು ಹೋಯ್ತಾ?" ಎಂದರು. ಮೈಕಿನಲ್ಲಿ ಅದು ಕೇಳಿಸಿ ಸಭೆ ಬಿದ್ದು ಬಿದ್ದು ನಕ್ಕಿತು. ಕಣ್ಣು ಒರೆಸಿಕೊಂಡೆ. ಅದಕ್ಕೂ ನಕ್ಕರು. ಅಷ್ಟು ದೊಡ್ಡ ಚಪ್ಪಾಳೆ ನನಗೆ ಹಿಂದೆಂದೂ ಬಿದ್ದದ್ದಿಲ್ಲ.

ನಾಟಕ ಮುಗಿದ ಮೇಲೆ ಸಂಘಟಕರೊಬ್ಬರು ಕೈ ಕುಲುಕಿ, "ಇವತ್ತು ನಿಂತದ್ದು ಸ್ವಲ್ಪ ಜಾಸ್ತಿಯೇ ಇತ್ತು ಅಲ್ವಾ? ಅದೇ ಚಂದ. ಇನ್ನು ಮುಂದೆ ಹಾಗೇ ಮಾಡಿ" ಎಂದರು.

ಹೂಂ ಎಂದೆ. ಈಗ ಪ್ರತಿ ಸಲ ಅಷ್ಟೇ ಹೊತ್ತು ನಿಲ್ಲುತ್ತೇನೆ.