ಮೆಟ್ಟಿಲಿಲ್ಲದ ಕೋಟೆ ಹುಡುಕಿದವಳು

ಕೋಟೆಯ ಊರಿಗೆ ಹೋಗಿಬರೋಣ ಎಂದು ಮಾತು ಎತ್ತಿದವನು ಗಂಡ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದ: “ಈ ರಜಕ್ಕೆ ಎಲ್ಲರೂ ಸೇರಿ ಆ ಹಳೇ ಊರಿಗೆ ಹೋಗೋಣ. ಕೋಟೆ, ಅರಮನೆ, ಮ್ಯೂಸಿಯಂ. ಇತಿಹಾಸ ಅಂದ್ರೇನು ಅಂತ ಮಕ್ಕಳಿಗೂ ಸ್ವಲ್ಪ ಗೊತ್ತಾಗ್ಲಿ.” ಹೇಳಿ ತುತ್ತು ನುಂಗಿದ. ಅಲ್ಲಿಗೆ ಅವನ ಪಾಲಿನ ಕೆಲಸ ಮುಗಿಯಿತು. ಮೇಜಿನ ಸುತ್ತ ಕೂತಿದ್ದವರ ಕಣ್ಣುಗಳೆಲ್ಲ ಒಟ್ಟಿಗೆ ಹೆಂಡತಿಯ ಕಡೆ ತಿರುಗಿದವು.

ಆ ಮನೆಯಲ್ಲಿ ಅವಳ ಹೆಸರು ‘ಮ್ಯಾನೇಜರ್’. ನಾದಿನಿ ಯಾವಾಗಲೋ ತಮಾಷೆಗೆ ಕರೆದದ್ದು, ಗೋಂದಿನಂತೆ ಅಂಟಿಕೊಂಡುಬಿಟ್ಟಿತ್ತು. ನಲ್ಲಿ ಸೋರಿದರೆ ಮ್ಯಾನೇಜರನ್ನು ಕೇಳಿ, ಗ್ಯಾಸ್ ಮುಗಿದರೆ ಮ್ಯಾನೇಜರಿಗೆ ಹೇಳಿ, ಶಾಲೆಯಿಂದ ಫೋನ್ ಬಂದರೆ ಮ್ಯಾನೇಜರಿಗೆ ಕೊಡಿ. ಸಂಬಳ ಬರುತ್ತಿದ್ದದ್ದು ಮಾತ್ರ ಬೇರೆ ಕೆಲಸಕ್ಕೆ. ಅವಳು ಹಲ್ಲಿನ ಸೆಟ್ ತಯಾರಿಸುವವಳು. ಒಂದು ಹಳೇ ಕಟ್ಟಡದ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟು, ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು, ಗುಲಾಬಿ ಮೇಣದಲ್ಲಿ ವಸಡು ಕಟ್ಟಿ, ಒಂದೊಂದಾಗಿ ಹಲ್ಲು ಕೂರಿಸುತ್ತಿದ್ದಳು. ಎಂದೂ ನೋಡದವರ ಬಾಯಿಯನ್ನು ದಿನವಿಡೀ ಕೈಯಲ್ಲಿ ಹಿಡಿದುಕೊಂಡಿರುವ ಕೆಲಸ. ಆ ಬಾಯಿಗಳಲ್ಲಿ ಒಂದೂ ಮಾತಾಡುವುದಿಲ್ಲ ಎಂಬುದೇ ಅವಳಿಗೆ ಅದರಲ್ಲಿ ಹಿಡಿಸಿದ ಸಂಗತಿ.

ಮಾತಾಡುವ ಬಾಯಿಗಳೆಲ್ಲ ಮನೆಯಲ್ಲಿದ್ದವು.

ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ. ಕಲಿಯುವವರ ಪಕ್ಕದಲ್ಲಿ ಕೂತು ಕೂತು, ಮನೆಯ ಸೋಫಾದ ಮೇಲೂ ಅವನ ಬಲಗಾಲು ಬ್ರೇಕ್ ಹುಡುಕುತ್ತಿತ್ತು. “ನಿನಗೆ ಹೇಗೆ ಅನ್ಸುತ್ತೋ ಹಾಗೆ ಮಾಡು, ನಾನು ಅಡ್ಡ ಬರಲ್ಲ,” ಎಂದಿದ್ದ. ಬೆಳಗಿನ ರೈಲು ಎಂದಳು. “ಅಷ್ಟು ಬೇಗ ಯಾರು ಏಳ್ತಾರೆ?” ಮಧ್ಯಾಹ್ನದ ರೈಲು ಎಂದಳು. “ಅರ್ಧ ದಿನ ಹಾಳಾಗುತ್ತಲ್ಲ?” ಬಾಡಿಗೆ ವ್ಯಾನು ಎಂದಳು. “ಬೇರೆಯವರು ಓಡಿಸೋ ಗಾಡೀಲಿ ನಾನು ಕೂತ್ಕೊಳಲ್ಲ, ನಿನಗೆ ಗೊತ್ತಲ್ಲ.” ಕೊನೆಗೆ ಬೆಳಗಿನ ರೈಲೇ ಆಯಿತು, ಅದೂ ಅವನಿಗೇ ಹೊಳೆದ ಉಪಾಯ ಎಂಬಂತೆ.

ದೊಡ್ಡ ಮಗಳು ಮೊಬೈಲಿನಿಂದ ತಲೆ ಎತ್ತದೆ, “ಮ್ಯೂಸಿಯಂ ಇದ್ರೆ ನಾನು ಬರಲ್ಲ. ಮಡಕೆ ಚೂರು ನೋಡೋಕೆ ರೈಲು ಹತ್ತಬೇಕಾ?” ಎಂದಳು. ಚಿಕ್ಕವಳಿಗೆ ಕೇಳುವುದು ಒಂದೇ ಇತ್ತು: “ಅಮ್ಮಾ, ಅಲ್ಲಿ ಬಾತ್‌ರೂಮ್ ಇರುತ್ತಾ?” ಹೊಸ ಜಾಗಕ್ಕೆ ಕಾಲಿಟ್ಟ ತಕ್ಷಣ ಅವಳಿಗೆ ಅವಸರವಾಗುವುದು ಮನೆಮಂದಿಗೆಲ್ಲ ಗೊತ್ತಿದ್ದ ವಿಷಯ. ಇನ್ನು ನಾದಿನಿ, ಕೂಸಿನೊಂದಿಗೆ ಅವಳೂ ಬರುವವಳಿದ್ದಳು. ಅವಳ ಮನೆ ನಾಲ್ಕು ಬೀದಿ ಆಚೆ, ಆದರೆ ಫೋನಿನಲ್ಲಿ ಅವಳು ಸದಾ ಈ ಮನೆಯಲ್ಲೇ ಇರುತ್ತಿದ್ದಳು. “ಅತ್ತಿಗೆ, ಪಾಪೂಗೆ ಊಟ ಆದ ಕೂಡ್ಲೇ ಮಲಗ್ಬೇಕು. ಬಿಸಿಲು ಆಗಲ್ಲ. ಧೂಳು ಆಗಲ್ಲ. ಗದ್ದಲ ಅಂತೂ ಆಗೋದೇ ಇಲ್ಲ.”

ಬಿಸಿಲು, ಧೂಳು, ಗದ್ದಲ ಮೂರೂ ಇಲ್ಲದ ಕೋಟೆಯನ್ನು ಯಾವ ರಾಜ ಕಟ್ಟಿಸಿಟ್ಟಿದ್ದಾನೆ ಎಂದು ಕೇಳಬೇಕೆನಿಸಿತು. ನಾಲಿಗೆ ಕಚ್ಚಿಕೊಂಡಳು.

ಎಲ್ಲಕ್ಕಿಂತ ದೊಡ್ಡ ತಲೆನೋವು ಅತ್ತೆಯ ಮೊಣಕಾಲು. “ಅಮ್ಮನ ಕೈಲಿ ಮೆಟ್ಟಿಲು ಹತ್ತೋಕಾಗಲ್ಲ, ಅದೊಂದು ನೆನಪಿಟ್ಕೋ,” ಎಂದು ಗಂಡ ಹೇಳಿದ. ನಾದಿನಿಯೂ ಹೇಳಿದಳು. ದೊಡ್ಡವಳೂ ಹೇಳಿದಳು. ಅತ್ತೆ ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ ಎಲ್ಲರ ಮುಖವನ್ನೂ ನೋಡುತ್ತಿದ್ದರು. ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಮರುದಿನ ಅವಳು ಕೆಲಸದ ಮೇಜಿನಿಂದಲೇ ಕೋಟೆಯ ಕಚೇರಿಗೆ ಫೋನ್ ಮಾಡಿದಳು.

“ಕೋಟೆಗೆ ಮೆಟ್ಟಿಲು ತುಂಬಾ ಇವೆಯಾ ಸರ್?”

“ಕೋಟೆ ಅಂದ್ಮೇಲೆ ಮೆಟ್ಟಿಲು ಇರದೆ ಇರುತ್ತಾ ಮೇಡಂ?”

“ಅಂದ್ರೆ ಎಷ್ಟಿರಬಹುದು?”

“ನಾನು ಹತ್ತಿಲ್ಲ ಮೇಡಂ. ನಾನು ಕೆಳಗಡೆ ಆಫೀಸಲ್ಲಿರೋದು.”

“ವಯಸ್ಸಾದವರು ಹತ್ತಬಹುದಾ?”

“ಹತ್ತೋರು ಹತ್ತುತ್ತಾರೆ. ಇಳಿಯೋದು ಅವರವರಿಗೆ ಬಿಟ್ಟಿದ್ದು.”

ಫೋನ್ ಇಟ್ಟುಬಿಟ್ಟಳು. ಅದೇ ಹೊತ್ತಿಗೆ ನಾದಿನಿಯ ಕರೆ ಬಂತು. ಪಾಪು ಉಗುರುಬೆಚ್ಚಗಿನ ಹಾಲು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ರೈಲಿನಲ್ಲಿ ಹಾಲು ಬಿಸಿ ಮಾಡಿಕೊಡುತ್ತಾರಾ? ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಹೂಂ ಹೂಂ ಎನ್ನುತ್ತ ಅವಳು ಒಂದು ಕೆಳದವಡೆಯ ಸೆಟ್ಟಿನ ಅಂಚನ್ನು ಉಜ್ಜುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ಅಂಚು ಅರ್ಧಕ್ಕರ್ಧ ಸವೆದುಹೋಗಿತ್ತು. ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಒಂದೂ ಸೆಟ್ ಕೆಟ್ಟಿರಲಿಲ್ಲ. ಯಾರೋ ಒಬ್ಬ ಅಜ್ಜ ಇನ್ನೂ ಒಂದು ವಾರ ಗಂಜಿ ಕುಡಿದುಕೊಂಡಿರಬೇಕಾಯಿತು, ಒಂದು ಪಾಪುವಿನ ಹಾಲಿಗಾಗಿ. ಕೆಟ್ಟ ಸೆಟ್ಟನ್ನು ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತ ಕೂತಳು. ಅದು ಅವಳನ್ನೇ ನೋಡಿ ಹಲ್ಲು ಕಿರಿಯುತ್ತಿತ್ತು.

ಆ ಸಂಜೆ ಊಟದ ಹೊತ್ತಿಗೆ ಗಂಡ, “ಅಲ್ಲಾ, ಕೋಟೆ ಬಿಟ್ಟು ಬೇರೆ ಯಾವುದಾದ್ರೂ ಊರಿಗೆ ಹೋದ್ರೆ ಹೇಗೆ?” ಎಂದ.

ಅವಳು ಸೌಟು ಕೆಳಗಿಟ್ಟಳು. “ನೀವು ಎಲ್ಲರೂ ಹೋಗಿ ಬನ್ನಿ. ನಾನು ಬರಲ್ಲ. ಮನೇಲಿ ಬಾಗಿಲು ಹಾಕ್ಕೊಂಡು ಮಲಗ್ತೀನಿ. ಅದೇ ನನಗೆ ರಜ.”

ಗಂಡ ಮೆಲ್ಲಗೆ ಕೇಳಿದ: “ಹಾಗಾದ್ರೆ ಟಿಕೆಟ್ ಯಾರು ಮಾಡ್ಸೋದು?”

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಟಿಕೆಟ್ ಅವಳೇ ಮಾಡಿಸಿದಳು. ಪಾಪು ಮಲಗುವ ಹೊತ್ತಿಗೆ ಅರಮನೆಯ ತೋಟದ ನೆರಳು, ಚಿಕ್ಕವಳಿಗಾಗಿ ಪ್ರತಿ ಜಾಗದ ಪಕ್ಕ ಒಂದು ಹೋಟೆಲು, ದೊಡ್ಡವಳಿಗಾಗಿ ಮ್ಯೂಸಿಯಂ ಅರ್ಧ ಗಂಟೆಗಿಂತ ಹೆಚ್ಚಿಲ್ಲ, ಅತ್ತೆಗಾಗಿ ಕೋಟೆಯನ್ನು ಕೆಳಗಿನಿಂದಲೇ ನೋಡಿ ಫೋಟೊ ತೆಗೆಸಿಕೊಂಡು ಬರುವುದು. ಎಲ್ಲ ಅಚ್ಚುಕಟ್ಟಾಗಿ ಕೂತಿತು. ಹೊರಡುವ ಹಿಂದಿನ ದಿನ ನಾದಿನಿ ಫೋನ್ ಮಾಡಿದಳು. “ಅತ್ತಿಗೆ, ಪಾಪೂಗೆ ಸ್ವಲ್ಪ ಶೀತ. ನಾವು ಬರಲ್ಲ. ಬೇಜಾರು ಮಾಡ್ಕೋಬೇಡಿ, ಆಯ್ತಾ?”

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಗೋಡೆಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು, ಅಷ್ಟೇ.

ಕೋಟೆಯ ಊರಿಗೆ ಇಳಿದಾಗ ಬಿಸಿಲು ಆಗಲೇ ನೆತ್ತಿಗೆ ಏರುತ್ತಿತ್ತು. ಅರಮನೆಯಲ್ಲಿ ಸಾಲು ಬೆಳೆದು ಬೀದಿಗೆ ಬಂದಿತ್ತು. ಅರ್ಧ ಸಾಲು ಸರಿಯುವಷ್ಟರಲ್ಲಿ ಚಿಕ್ಕವಳಿಗೆ ಅವಸರ. ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ತಿರುಗಿ ಬಂದರೆ, ಗಂಡ ಸಾಲು ಬಿಟ್ಟು ನೆರಳಲ್ಲಿ ನಿಂತು, ಒಬ್ಬ ಡ್ರೈವರು ಬಸ್ಸನ್ನು ಹಿಂದಕ್ಕೆ ತೆಗೆಯುವುದನ್ನು ನೋಡುತ್ತ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದ. “ಸಾಲು?” ಎಂದಳು. “ಅಯ್ಯೋ, ನೀನು ಬರ್ತೀಯಲ್ಲಾಂತ…” ಎಂದ. ಮ್ಯೂಸಿಯಂ ಬಾಗಿಲಿಗೆ ಬೀಗ, ರಿಪೇರಿ ನಡೆದಿತ್ತು. ಇಷ್ಟು ದಿನ ಮ್ಯೂಸಿಯಂ ಬೇಡವೆಂದು ಮುಖ ಗಂಟಿಕ್ಕಿದ್ದ ದೊಡ್ಡವಳು ಈಗ, “ಫೋನ್ ಮಾಡಿ ಕೇಳ್ಕೋಬಾರ್ದಿತ್ತಾ ಅಮ್ಮಾ? ಅಲ್ಲಿ ರಾಣಿಯ ಒಡವೆ ಇತ್ತಂತೆ,” ಎಂದು ಅದೇ ಮುಖವನ್ನು ಇನ್ನೊಂದು ಕಾರಣಕ್ಕೆ ಗಂಟಿಕ್ಕಿದಳು.

ಎರಡು ಚೀಲ, ನೀರಿನ ಬಾಟಲಿ, ಚಿಕ್ಕವಳ ಟೋಪಿ, ಗಂಡ ಬಿಚ್ಚಿ ಕೊಟ್ಟ ಸ್ವೆಟರು, ಎಲ್ಲ ಅವಳ ಮೈಮೇಲೆ. ಹೀಗೆ ಹೊತ್ತುಕೊಂಡೇ ಕೋಟೆಯ ಬುಡಕ್ಕೆ ಬಂದಳು. ಕಲ್ಲಿನ ಬಾಗಿಲು, ಅದರೊಳಗೆ ಮೇಲಕ್ಕೆ ಹೋಗಿ ತಿರುವಿನಲ್ಲಿ ಮಾಯವಾಗುವ ಮೆಟ್ಟಿಲು. “ಎಲ್ಲರೂ ಹತ್ತಿರ ನಿಂತ್ಕೊಳ್ಳಿ, ಫೋಟೊ,” ಎಂದಳು.

ಅತ್ತೆ ನಿಂತುಕೊಳ್ಳಲಿಲ್ಲ. ತಮ್ಮ ಕೈಚೀಲವನ್ನು ಮಗನ ಕೈಗೆ ಕೊಟ್ಟು, “ಹಿಡ್ಕೋ,” ಎಂದರು.

“ಎಲ್ಲಿಗಮ್ಮಾ?”

“ಮೇಲಕ್ಕೆ.”

“ನಿನ್ನ ಮೊಣಕಾಲು?”

“ಅದನ್ನೂ ಕರ್ಕೊಂಡೇ ಹೋಗ್ತೀನಿ.”

ಆಗ ಅವಳಿಗೆ ರೇಗಿತು. “ಅತ್ತೆ, ನಿಮ್ಮ ಕಾಲಿಗೋಸ್ಕರ ಇಡೀ ಕೋಟೆ ಬಿಟ್ಟೆ ನಾನು. ಕಂಡಕಂಡವರಿಗೆ ಫೋನ್ ಮಾಡಿ ಬೈಸ್ಕೊಂಡೆ. ಹತ್ತಬೇಕು ಅಂತ ಇದ್ರೆ ಒಂದು ಮಾತು ಹೇಳಬಾರದಿತ್ತಾ?”

“ನನ್ನನ್ನ ಯಾರು ಕೇಳಿದ್ರು?” ಎಂದರು ಅತ್ತೆ. ದನಿ ಏರಲಿಲ್ಲ. “ಎಲ್ಲರೂ ನನ್ನ ಮೊಣಕಾಲಿನ ಬಗ್ಗೆ ಮಾತಾಡಿದ್ರಿ. ನನ್ನ ಹತ್ತಿರ ಯಾರೂ ಮಾತಾಡಲಿಲ್ಲ.”

ಮಾತು ನಿಜವಾಗಿತ್ತು. ನಿಜವಾದ್ದರಿಂದ ಸಿಟ್ಟು ಇನ್ನಷ್ಟು ಏರಿತು.

ಅತ್ತೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಗೋಡೆಗೆ ಕೈ ಊರಿ ಹೇಳಿದರು: “ಮದುವೆಯಾದ ಹೊಸದ್ರಲ್ಲಿ ಬಂದಿದ್ದೆ ಇಲ್ಲಿಗೆ. ನಿಮ್ಮ ಮಾವ, ಅವರ ಅಣ್ಣಂದಿರು, ನನ್ನ ಓರಗಿತ್ತೀರು, ಎಲ್ಲಾ ಹತ್ತಿದ್ರು. ಇವನು ಕೈಗೂಸು. ‘ನೀನು ಇಲ್ಲೇ ಕೂತಿರು, ಚೀಲ ನೋಡ್ಕೋ, ಈಗ ಬಂದ್ಬಿಡ್ತೀವಿ’ ಅಂದ್ರು. ಬಂದಿದ್ದು ಹೊತ್ತು ಇಳಿದ ಮೇಲೆ. ಆಮೇಲೆ ವರ್ಷಗಟ್ಟಲೆ, ಮೇಲಿಂದ ಏನೇನು ಕಾಣ್ಸುತ್ತೆ ಅಂತ ಹೇಳಿದ್ದೇ ಹೇಳಿದ್ದು. ಜಗತ್ತೇ ಕಾಣ್ಸುತ್ತಂತೆ. ನನಗೆ ಕಂಡಿದ್ದು ಚೀಲ.”

ಗಂಡ, “ಅಮ್ಮಾ, ಹಟ ಮಾಡಬೇಡ. ನೋಡೇ, ನೀನಾದ್ರೂ ಹೇಳು,” ಎಂದು ಅವಳ ಕಡೆ ತಿರುಗಿದ. ಅವಳು ಒಂದು ಗಳಿಗೆ ತನ್ನ ಮೈಮೇಲೆ ನೇತಾಡುತ್ತಿದ್ದ ಸಾಮಾನನ್ನು ನೋಡಿಕೊಂಡಳು. ಆಮೇಲೆ ಒಂದೊಂದಾಗಿ ತೆಗೆದು ಅವನ ಮೇಲೆ ಹೇರಿದಳು: ಚೀಲ, ಇನ್ನೊಂದು ಚೀಲ, ಬಾಟಲಿ, ಟೋಪಿ, ಅವನದೇ ಸ್ವೆಟರು. ಕೊನೆಗೆ ಚಿಕ್ಕವಳ ಕೈಯನ್ನೂ ಅವನ ಕೈಯಲ್ಲಿಟ್ಟಳು. “ಅವಳಿಗೆ ಅವಸರ ಆದ್ರೆ ಆ ಮೂಲೇಲಿ ಹೋಟೆಲಿದೆ,” ಎಂದು ಅತ್ತೆಯ ಹಿಂದೆ ಹತ್ತಿದಳು. ದೊಡ್ಡವಳು ಮೊಬೈಲು ಜೇಬಿಗೆ ಹಾಕಿಕೊಂಡು ಓಡಿಬಂದು ಅಜ್ಜಿಯ ಇನ್ನೊಂದು ತೋಳು ಹಿಡಿದಳು.

ಹತ್ತುವಾಗ ಅತ್ತೆ ತಿರುವು ತಿರುವಿಗೂ ಕೂತರು. ಸೊಸೆ ತಿರುವು ತಿರುವಿಗೂ, “ಸಾಕು ಅತ್ತೆ, ಇಳಿಯೋಣ,” ಎಂದಳು. “ನೀನು ಇಳಿ,” ಎನ್ನುವರು, ಏಳುವರು. ಬೆವರು ಹರಿದು ಕಣ್ಣಿಗೆ ಇಳಿಯುತ್ತಿತ್ತು. ಈ ಮುದುಕಿ ಇಲ್ಲೇ ಬಿದ್ದರೆ ಹೊಣೆ ಯಾರ ತಲೆಗೆ ಬರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಹೆದರಿಕೆ, ಸಿಟ್ಟು, ಬಾಯಾರಿಕೆ ಮೂರೂ ಸೇರಿ ಯಾವುದು ಯಾವುದೆಂದು ತಿಳಿಯದಂತಾಗಿತ್ತು. ನೀರಿನ ಬಾಟಲಿ ಕೆಳಗೆ ಗಂಡನ ಹತ್ತಿರ ಉಳಿದಿತ್ತು.

ಮೇಲೆ ತಲುಪಿದರು. ಒಂದು ಮುರುಕು ಗೋಡೆ, ತುಕ್ಕು ಹಿಡಿದ ಒಂದು ಫಿರಂಗಿ, ಅದರ ಮೇಲೆ ಯಾರೋ ಕೆತ್ತಿದ ಪ್ರೇಮಿಗಳ ಹೆಸರು. ಕೆಳಗೆ ಊರು: ತಗಡಿನ ಚಾವಣಿ, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಅದರಾಚೆ ಬಿಸಿಲು.

ಅತ್ತೆ ಗೋಡೆಗೆ ಎದೆ ಒರಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಕೇಳಿದರು: “ಇಷ್ಟೇನಾ?”

“ಇಷ್ಟೇ ಅತ್ತೆ.”

“ಇದನ್ನಾ ಅವರು ಸಾಯೋ ತನಕ ಹೇಳಿದ್ದು?” ಮುಖ ಕೆಂಪಾಯಿತು. “ಎಂಥಾ ಸುಳ್ಳುಬುರುಕರು! ಇದನ್ನ ನಮ್ಮ ಮನೆ ಮಹಡಿಯಿಂದಾನೂ ನೋಡಬಹುದಿತ್ತಲ್ಲೇ!”

ದೊಡ್ಡವಳು ಕಿಸಕ್ಕನೆ ನಕ್ಕಳು. ಸೊಸೆಗೂ ನಗು ತಡೆಯಲಾಗಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಬಿಗಿದುಕೊಂಡೇ ಇದ್ದು, ಆಮೇಲೆ ತಾವೂ ಹೊಟ್ಟೆ ಹಿಡಿದು ನಕ್ಕರು. ಮೂವರೂ ಫಿರಂಗಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಕೆಳಗೆ ಇಲ್ಲದ ಗಾಳಿ ಅಲ್ಲಿತ್ತು. ಯಾರೂ ಏನೂ ಕೇಳದ ಸ್ವಲ್ಪ ಹೊತ್ತು ಅವಳಿಗೆ ಅಲ್ಲಿ ಸಿಕ್ಕಿತು.

ಇಳಿಯುವಾಗ ಮೊಣಕಾಲು ಕೈಕೊಟ್ಟಿತು. ಮಡಿಸಲಾಗದು, ಊರಲಾಗದು. ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎತ್ತಿಕೊಂಡು ಹೋಗೋಣವೆಂದರೆ, ಹತ್ತುತ್ತಿದ್ದ ಜನರೆದುರು ಗೊಂಬೆಯ ಹಾಗೆ ಹೋಗಲಾರೆ ಎಂದರು. ಕೊನೆಗೆ ಕೂತಲ್ಲಿಂದಲೇ ಒಂದು ಮೆಟ್ಟಿಲು ಕೆಳಕ್ಕೆ ಜಾರಿದರು. ಇನ್ನೊಂದು. ಅವಳು ಒಂದು ಕ್ಷಣ ಸುತ್ತ ನೋಡಿದಳು, ಪಕ್ಕದಲ್ಲಿ ತಾನೂ ಕೂತಳು, ಅತ್ತೆಯ ನೋಯುವ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಾನೂ ಜಾರಿದಳು. ಒಳ್ಳೆಯ ಬಟ್ಟೆಗೆ ಕೋಟೆಯ ಧೂಳೆಲ್ಲ ಅಂಟಿತು. ಹತ್ತುವವರು ಗೋಡೆಗೆ ಸರಿದು ದಾರಿ ಬಿಟ್ಟರು. ದೊಡ್ಡವಳು ಮುಂದೆ ಮುಂದೆ, “ಸ್ವಲ್ಪ ಜಾಗ ಬಿಡಿ, ಅಜ್ಜಿ ಬರ್ತಾ ಇದ್ದಾರೆ,” ಎಂದು ಕೂಗುತ್ತ ಇಳಿದಳು.

ಬುಡಕ್ಕೆ ಬರುವಷ್ಟರಲ್ಲಿ ಊರಿಗೆ ಮರಳುವ ಸಂಜೆಯ ರೈಲು ತಪ್ಪಿತ್ತು. ಗಂಡ ಚೀಲಗಳ ನಡುವೆ ಕೂತಿದ್ದ. ಚಿಕ್ಕವಳನ್ನು ಹೋಟೆಲಿಗೆ ಎಷ್ಟು ಸಲ ಕರೆದುಕೊಂಡು ಹೋದೆನೆಂದರೆ ಹೋಟೆಲಿನವನು ಈಗ ತನ್ನನ್ನು ಅಣ್ಣಾ ಎಂದು ಕರೆಯುತ್ತಾನೆ ಎಂದು ದೂರಿದ. ಆಮೇಲೆ, “ಈಗೇನು ಮಾಡೋದು?” ಎಂದು ಅವಳ ಮುಖ ನೋಡಿದ.

“ನನಗೆ ಗೊತ್ತಿಲ್ಲ ರೀ,” ಎಂದು ಅವಳು ಚಪ್ಪಲಿ ಬಿಚ್ಚಿ ಕಲ್ಲಿನ ಮೇಲೆ ಕಾಲು ಚಾಚಿದಳು. ಸುಳ್ಳು. ಸ್ಟೇಷನ್ನಿನ ಹತ್ತಿರದ ಎರಡು ಒಳ್ಳೆಯ ಲಾಡ್ಜುಗಳ ಹೆಸರು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಅವನೇ ಅಲೆದು ಒಂದು ಹುಡುಕಿದ. ನಲ್ಲಿ ಸೋರುತ್ತಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು, ಐದು ಜನಕ್ಕೆ ಒಂದೇ ಕೋಣೆ. ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯ ಮೊಣಕಾಲು ಊದಿತು. ಡಾಕ್ಟರು ಬೈದು, ಬಿಸಿನೀರಿನ ಶಾಖ ಕೊಡಿ ಎಂದರು. ಶಾಖ ಕೊಡುವ ಕೆಲಸ ಯಾರದೆಂದು ಹೇಳಬೇಕಾಗಿಲ್ಲ. ಕೆಲಸ ಮುಗಿಸಿ ಬಂದು, ಉಗುರಿನ ಸಂದಿಯ ಪ್ಲಾಸ್ಟರ್ ತೊಳೆಯುವ ಮೊದಲೇ ನೀರು ಕಾಯಲು ಇಡುತ್ತಿದ್ದಳು. ಒಂದು ಸಂಜೆ ನಾದಿನಿಯ ಫೋನ್ ಬಂತು. “ಏನತ್ತಿಗೆ ಇದು, ಅಮ್ಮನ್ನ ಆ ಕೋಟೆ ಹತ್ತಿಸಿದ್ರಂತೆ? ನೀವೇ ಹೀಗೆ ಮಾಡಿದ್ರೆ ಹೇಗೆ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಚಾಚಿ ಫೋನ್ ಕಸಿದುಕೊಂಡರು. “ಅವಳು ಹತ್ತಿಸಲಿಲ್ಲ. ನಾನು ಹತ್ತಿದೆ. ಅವಳು ದಾರಿಯುದ್ದಕ್ಕೂ ಬೇಡ ಬೇಡ ಅಂತ ನನ್ನ ತಲೆ ತಿಂದ್ಲು.”

“ಅಂಥದ್ದೇನಿತ್ತಮ್ಮಾ ಮೇಲೆ?”

“ಏನೂ ಇರಲಿಲ್ಲ. ಗಾಳಿ ಇತ್ತು.” ಫೋನ್ ಹಿಂದಕ್ಕೆ ಕೊಟ್ಟು, ಕಾಲು ಮುಂದೆ ಚಾಚಿದರು. “ಬಟ್ಟೆ ಆಗಲೇ ತಣ್ಣಗಾಗಿದೆ ನೋಡು. ಇದೇನು ಶಾಖಾನಾ?”

“ಈಗ ತಾನೇ ಅದ್ದಿದ್ದು ಅತ್ತೆ!” ಎಂದಳು ಅವಳು ಹಲ್ಲು ಕಚ್ಚಿ. ಆದರೂ ಎದ್ದು, ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.