ಕಡಿಯದ ಗೆರೆ

ವಿದ್ಯಾವತಿಗೆ ಚಿತ್ರ ಬರೆಯುವುದು ಎಂದೂ ಕೈಗೆ ಹತ್ತಿರಲಿಲ್ಲ. ಶಾಲೆಯಲ್ಲಿ ಅವಳು ಬರೆದ ಆಕಳನ್ನು ಮಾಸ್ತರರು ನಾಯಿಯೆಂದು ತಿಳಿದು ಅಂಕ ಕೊಟ್ಟಿದ್ದರಂತೆ. ಅಂಥವಳು ಹಳಿಯಾಳದ ಪೇಟೆಯ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲಿನ ಒಂದು ಸಂಸ್ಥೆಯ ಕಚೇರಿಯಲ್ಲಿ ಕೂತು ದಿನವಿಡೀ ಮಕ್ಕಳ ಚಿತ್ರ ತೆಗೆಯುತ್ತಿದ್ದಳು. ಮುಖದ ಚಿತ್ರವಲ್ಲ, ತೂಕದ್ದು.

ಎರಡು ಸಾವಿರದ ಐದರ ಸುಮಾರಿನ ಮಾತು. ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆ ಸಂಸ್ಥೆಯ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಚಿಕ್ಕ ಮಕ್ಕಳನ್ನು ಜೋಳಿಗೆಯಲ್ಲಿ ಕೂರಿಸಿ ತಕ್ಕಡಿಗೆ ತೂಗುಹಾಕುತ್ತಿದ್ದರು. ಆ ಅಂಕಿಗಳೆಲ್ಲ ಎಕ್ಸ್‌ಎಂಎಲ್ ಎಂಬ ಬಗೆಯ ಫೈಲಿನಲ್ಲಿ, ಸಿಡಿಯ ಮೇಲೆ ಬರುತ್ತಿದ್ದವು. ಹೆಸರಿಗೊಂದು ಗುರುತು, ತಿಂಗಳಿಗೊಂದು, ತೂಕಕ್ಕೊಂದು. ಒಂದರ ಹೊಟ್ಟೆಯಲ್ಲಿ ಇನ್ನೊಂದು. ಅದನ್ನು ತಿದ್ದುವ ಸಾಫ್ಟ್‌ವೇರಿಗೆ ತಿಂಗಳು ಅಡ್ಡಕ್ಕೆ, ತೂಕ ಉದ್ದಕ್ಕೆ ಎಂದು ತೋರಿಸಿಕೊಟ್ಟರೆ ಮಗುವಿಗೊಂದರಂತೆ ಗ್ರಾಫು ಮೂಡುತ್ತಿತ್ತು. ಗೆರೆ ಏರಿದರೆ ಚಿಂತೆಯಿಲ್ಲ. ಇಳಿದರೆ ನರ್ಸಬಾಯಿ ಆ ಮನೆಗೆ ಹೋಗಬೇಕು. ಮಗು ತೂಕಕ್ಕೆ ಬಾರದೆ ಗೆರೆ ಕಡಿದುಹೋದರೂ ಹೋಗಬೇಕು, ಯಾಕೆ ಬರಲಿಲ್ಲವೆಂದು ಕೇಳಬೇಕು. ಏರ್ಪಾಡು ಒಳ್ಳೆಯದೇ ಇತ್ತು.

ಅದನ್ನು ಕೆಡಿಸಿದ್ದು ಅಂದಚಂದದ ಹುಚ್ಚು. ಬೆಂಗಳೂರಿನಿಂದ ಕೆಲಸ ನೋಡಲು ಸಂಸ್ಥೆಯ ದೊಡ್ಡವರು ಬರುವವರಿದ್ದರು. ಮ್ಯಾನೇಜರ್ ಬಸಲಿಂಗಯ್ಯನವರು ಗೋಡೆಗೆ ಅಂಟಿಸಿದ ಗ್ರಾಫುಗಳನ್ನು ನೋಡಿ ಮುಖ ಸಿಂಡರಿಸಿದರು.

“ಏನ್ರಿ ವಿದ್ಯಾವತಿ, ಇಲಿ ಕಡದಂಗ ಕಾಣಸ್ತಾವಲ್ಲ ಇವು! ನೋಡಿದವರು ನಾವು ಕೆಲಸಾನ ಮಾಡಿಲ್ಲ ಅಂತಾರ. ಗೆರಿ ಎಲ್ಲೂ ಕಡೀದಂಗ ಸಲಗ ಇರಬೇಕು.”

“ಆ ಕೂಸುಗಳು ತೂಕಕ್ಕ ಬಂದಿಲ್ರಿ ಸರ್. ಅದಕ್ಕ ಖಾಲಿ ಬಿಟ್ಟೇನಿ.”

“ಬರದಿದ್ರ ಹಿಂದಿನ ತೂಕಾನ ಹಾಕ್ರಿ. ಒಂದ ತಿಂಗಳದಾಗ ಕೂಸು ಕರಗಿ ಹೋಗ್ತೈತೇನು?”

ಸಾಫ್ಟ್‌ವೇರಿನಲ್ಲಿ ಅದಕ್ಕೂ ಒಂದು ಚೌಕವಿತ್ತು: ಬಿಟ್ಟ ಜಾಗಕ್ಕೆ ಹಿಂದಿನ ಅಂಕಿಯನ್ನೇ ತುಂಬು ಎಂದು. ವಾದಿಸಬಹುದಿತ್ತು. ಆದರೆ ವಾದಿಸಿದವರ ಕುರ್ಚಿ ಆ ಕಚೇರಿಯಲ್ಲಿ ಬೇಗ ಖಾಲಿಯಾಗುತ್ತಿತ್ತು. ವಿದ್ಯಾವತಿ ಚೌಕದಲ್ಲಿ ಗುರುತು ಹಾಕಿದಳು. ದೊಡ್ಡವರು ಬಂದರು, ಹೊಗಳಿದರು, ಗೋಡಂಬಿ ತಿಂದು ಹೋದರು. ಚೌಕದ ಗುರುತು ಮಾತ್ರ ಹಾಗೇ ಉಳಿಯಿತು, ಅವಳಿಗೆ ಅದರ ನೆನಪೂ ಹೋಯಿತು.

ದಾಂಡೇಲಿಯಲ್ಲಿ ಅವಳ ಅಕ್ಕ ಕಾಶೆವ್ವನ ಸಂಸಾರವಿತ್ತು. ಗಂಡ ಸಾತಪ್ಪ ಕಾಗದದ ಕಾರ್ಖಾನೆಯ ಅಂಗಳದಲ್ಲಿ ಬಿದಿರು ಇಳಿಸುತ್ತಿದ್ದ. ನಡೆಯಲು ಕಲಿತ ಮಗಳು ಮಾಲವ್ವ, ತೊಟ್ಟಿಲಲ್ಲಿ ಇನ್ನೊಂದು ಗಂಡು ಕೂಸು. ಒಂದು ಸಲ ಸಂಸ್ಥೆಯಿಂದ ತೂಕ ಹಿಡಿಯಲು ಬರುವ ಸಕ್ಕುಬಾಯಿ ಮಾಲವ್ವನನ್ನು ತಕ್ಕಡಿಗೆ ಹಾಕಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿದಳು: “ನೋಡ್ರವಾ, ಕಾಶೆವ್ವನ ಮಗಳು ಹೆಂಗ ಗುಂಡಗುಂಡಗ ಆಗ್ಯಾಳ!” ಸಂಜೆಗೆ ಹುಡುಗಿಗೆ ಜ್ವರ ಬಂತು. ಕಾಶೆವ್ವ ದೃಷ್ಟಿ ತೆಗೆದು ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿದಳು. ಆಮೇಲೆ ಮಗಳನ್ನು ತಕ್ಕಡಿಯ ಹತ್ತಿರ ಬಿಡಲಿಲ್ಲ, ತೊಟ್ಟಿಲ ಕೂಸನ್ನೂ ಒಯ್ಯಲಿಲ್ಲ. ಸಕ್ಕುಬಾಯಿ ಮನೆಗೆ ಬಂದರೆ “ಹುಡುಗರು ಅಜ್ಜಿ ಊರಿಗೆ ಹೋಗ್ಯಾರ” ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಜ್ವರ ಇಳಿಯಿತು, ಅದರ ಜೊತೆ ಬಂದ ಕೆಮ್ಮು ಉಳಿದುಕೊಂಡಿತು. ಹುಡುಗಿ ಉಣ್ಣದೆ ಒಣಗುತ್ತ ಹೋದಳು. ವಿದ್ಯಾವತಿ ಹಳಿಯಾಳದಲ್ಲಿ ಕೂತು ತಿಂಗಳು ತಿಂಗಳು ಅಕ್ಕನ ಮಗಳ ಗ್ರಾಫು ನೋಡುತ್ತಿದ್ದಳು. ಏರಿಲ್ಲ, ಇಳಿದೂ ಇಲ್ಲ, ನೆಟ್ಟಗಿದೆ. ಹೋಗಿ ಬರಬೇಕು ಎಂದುಕೊಂಡವಳು, ಹೇಗೂ ಚೆನ್ನಾಗಿದ್ದಾಳಲ್ಲ ಎಂದು ಮುಂದಕ್ಕೆ ಹಾಕಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಾಲವ್ವ ಕೈ ಮೀರಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಕಾಶೆವ್ವ ತಂಗಿಯ ಕೈ ಹಿಡಿದುಕೊಂಡಳು.

“ವಿದ್ಯಾ, ಆಕಿದೊಂದು ಫೋಟೋನೂ ತಗಸಲಿಲ್ಲ ನಾವು. ನಿನ್ನ ಕಂಪ್ಯೂಟರಿನ್ಯಾಗ ಆಕಿದು ಏನೋ ಐತಿ ಅಂತಿದ್ದೆಲ್ಲ, ಅದನ್ನರ ತಂದ ಕೊಡ.”

ಕಚೇರಿಗೆ ಹೋಗಿ ಗ್ರಾಫನ್ನು ಮುದ್ರಿಸುವ ಮೊದಲು, ಯಾಕೋ ಏನೋ, ವಿದ್ಯಾವತಿ ಅದರ ಮೂಲ ಅಂಕಿಗಳ ಫೈಲನ್ನು ತೆರೆದಳು. ಗೆರೆ ನೆಟ್ಟಗಾದ ತಿಂಗಳಿನ ತೂಕದ ಗುರುತಿನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮುಂದಿನ ತಿಂಗಳೂ ಇರಲಿಲ್ಲ. ಅದರ ಮುಂದಿನದೂ ಖಾಲಿ. ತಾನು ಗುರುತು ಹಾಕಿದ ಚೌಕ ಆಗ ನೆನಪಾಯಿತು. ಯಾರೂ ತೂಗದ ಹುಡುಗಿಗೆ ತೂಕ ಕೊಟ್ಟವಳು ತಾನೇ. ಅದನ್ನು ನಂಬಿ ಹೋಗದೆ ಕೂತವಳೂ ತಾನೇ. ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆದರೂ ಒಯ್ದದ್ದು ಆ ಉದ್ದನೆಯ ಗೆರೆಯನ್ನೇ. ನಡುವೆಯೇ ನಿಂತುಹೋದ ಗಿಡ್ಡ ಗೆರೆಯನ್ನು ತಾಯಿಯ ಕೈಗೆ ಹೇಗೆ ಕೊಡುವುದು?

ಕಾಶೆವ್ವ ಕಾಗದದ ಮೇಲೆ ಬೆರಳಾಡಿಸಿದಳು. “ಇಲ್ಲಿಗಂಟ ಏರೇತಿ. ಇಲ್ಲಿಂದ ಸಲಗ ಐತಿ. ಇದು ಯಾವಾಗಿನದ?”

“ನೀ ತೂಕಕ್ಕ ಕಳಸೂದು ಬಿಟ್ಟ ಮ್ಯಾಲಿಂದು.”

ಅಷ್ಟು ದಿನಗಳಲ್ಲಿ ಮೊದಲ ಸಲ ಅಕ್ಕನ ಮುಖ ತುಸು ಸಡಿಲಾಯಿತು. “ನೋಡಿದೇನ! ತೂಗದಿದ್ರೂ ಕಂಪ್ಯೂಟರಿಗೆ ಗೊತ್ತಾಗೇತಿ. ಮನ್ಯಾಗ ಇಟಗೊಂಡ ಮ್ಯಾಲೆ ಇಳಿದೇ ಇಲ್ಲ. ಎಲ್ಲಾರೂ ನನ್ನ ಬೈದ್ರು. ನಂದೇನೂ ತಪ್ಪಿಲ್ಲ ಹಂಗಾರ. ಈ ಕೂಸಿನ್ನೂ ಆ ತಕ್ಕಡಿಗೆ ತೋರಸೂದಿಲ್ಲ ನಾ.”

ತೊಟ್ಟಿಲಲ್ಲಿ ಕೂಸು ಕೆಮ್ಮಿತು. ವಿದ್ಯಾವತಿ ಸುಮ್ಮನಿದ್ದಿದ್ದರೆ ಅಕ್ಕನಿಗೆ ಆ ಸಮಾಧಾನವಾದರೂ ಉಳಿಯುತ್ತಿತ್ತು, ತಂಗಿಯೂ ಉಳಿಯುತ್ತಿದ್ದಳು. ಸುಮ್ಮನಿರಲು ಆಗಲಿಲ್ಲ.

“ಅಕ್ಕಾ, ಅದು ಸುಳ್ಳ ಗೆರಿ. ಅಲ್ಲಿ ಆಕಿ ತೂಕ ಇರಲೇ ಇಲ್ಲ, ನಾ ತುಂಬೇನಿ. ಗೆರಿ ಕಡಿದಿದ್ರ ನರ್ಸಬಾಯಿ ನಿನ್ನ ಮನಿಗೆ ಬರತಿದ್ಲು. ಈ ಕೂಸಿನ್ನರ ತೂಗಸ. ನಿನ್ನ ಕಾಲ ಬೀಳ್ತೇನಿ.”

ಕಾಶೆವ್ವ ಕಾಗದವನ್ನು ಕೆಳಗಿಟ್ಟಳು. ಬೈಯಲಿಲ್ಲ, ಅಳಲಿಲ್ಲ. “ನೀನರ ಒಮ್ಮೆ ಬಂದು ನೋಡಬೇಕಿತ್ತಲ್ಲ” ಎಂದಷ್ಟೇ ಅಂದು, ಎದ್ದು ತೊಟ್ಟಿಲು ತೂಗತೊಡಗಿದಳು.

ವಿದ್ಯಾವತಿ ಚೌಕದ ಗುರುತು ತೆಗೆದಳು. ಬಸಲಿಂಗಯ್ಯನವರು ಗೊಣಗಿದರು, ಗೊಣಗಲಿ ಎಂದು ಬಿಟ್ಟಳು. ಮುಂದಿನ ತಿಂಗಳು ಕಾಶೆವ್ವ ಕೂಸನ್ನು ಎತ್ತಿಕೊಂಡು ತಕ್ಕಡಿಯ ಸಾಲಿಗೆ ಬಂದಳು, ಆಮೇಲೆ ಒಂದು ತಿಂಗಳೂ ತಪ್ಪಿಸಲಿಲ್ಲ. ತಂಗಿಯ ಮನೆಗೆ ಮಾತ್ರ ಬರಲಿಲ್ಲ, ಹಬ್ಬಕ್ಕೆ ಕರೆಯಲಿಲ್ಲ, ಸಾತಪ್ಪನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಲಿಲ್ಲ. ಅಕ್ಕನ ಮನೆಯ ಸುದ್ದಿ ವಿದ್ಯಾವತಿಗೆ ಇನ್ನು ಸಿಡಿಯ ಮೇಲಷ್ಟೇ ಬರುತ್ತಿತ್ತು: ಕೂಸು ಈ ತಿಂಗಳು ಅರ್ಧ ಕಿಲೋ ಏರಿದೆ.