ಮಚ್ಚೆ ಯಾವ ಕೆನ್ನೆಗೆ?

ಶೇವಂತೆವ್ವನನ್ನು ನಾನು ಮೊದಲು ನೋಡಿದ್ದು ಅವಳು ಮೂರನೇ ಇಯತ್ತೆಗೆ ನಮ್ಮ ಗೊಳಸಂಗಿ ಶಾಲೆಗೆ ಸೇರಿದ ದಿನ. ನಾನು ಅಲ್ಲಿ ಬಿಸಿಯೂಟದ ಅಡುಗೆಯ ಮುದುಕಿ, ಮಕ್ಕಳಿಗೆಲ್ಲ ಆಯಿ. ಸಾರಿನ ಪಾತೇಲಿಯನ್ನು ಫಳಫಳ ತಿಕ್ಕಿ ಬಿಸಿಲಿಗೆ ಇಟ್ಟಿದ್ದೆ. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಮ್ಮೆ ಪಾತೇಲಿಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

"ಆಯಿ, ನಿನಗ ಹಚ್ಚಿ ಎಡಗೈ ಮ್ಯಾಲ ಐತಿ. ಪಾತೇಲಿ ಒಳಗಿನ ಆಯಿ ಬಲಗೈಗೆ ಹಾಕಿಸ್ಯಾಳ."

"ಆಕಿಗೆ ಎಡಗೈ ಖಾಲಿ ಇರಲಿಲ್ಲೇನೋ," ಎಂದೆ.

ಅವಳು ನಗಲಿಲ್ಲ, ಅದನ್ನೂ ವಿಚಾರ ಮಾಡಿದಳು. ಅವಳ ಎಡ ಕೆನ್ನೆಯ ಮೇಲೆ ಜೋಳದ ಕಾಳಿನಷ್ಟು ಕಪ್ಪು ಮಚ್ಚೆ ಇತ್ತು.

ಪಾಠದಲ್ಲಿ ಅವಳು ಕೈ ಎತ್ತುತ್ತಿರಲಿಲ್ಲ. ಕೈ ಎತ್ತದ ಮಕ್ಕಳನ್ನು ಯಾರೂ ಜಾಣರೆನ್ನುವುದಿಲ್ಲ. ಐದನೆಯದರಲ್ಲಿ ಹೊಸ ಟೀಚರು ಜಯಮಾಲಾ ಅಕ್ಕೋರು ಬಂದು, ಈ ಚಿತ್ರ ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಆ ಚಿತ್ರಕ್ಕೆ ಯಾವ ತುಂಡು ಕೂಡುತ್ತದೆ ಎಂದು ಇಪ್ಪತ್ತು ಪ್ರಶ್ನೆ ಬರೆಸಿದರು. ಇಪ್ಪತ್ತೂ ಸರಿ.

"ಲಕ್ಕವ್ವ, ಈಕಿನ್ನ ಇಷ್ಟು ದಿನ ಎಲ್ಲಿ ಮುಚ್ಚಿ ಇಟ್ಟಿದ್ರಿ?" ಎಂದು ನನ್ನನ್ನೇ ಕೇಳಿದರು.

ಜಾಣ ಮಕ್ಕಳನ್ನು ಆರಿಸುವ ವಸತಿ ಶಾಲೆಯ ಪರೀಕ್ಷೆಗೆ ಅವಳ ಹೆಸರು ಹೋಯಿತು. ತಾಲೂಕಿಗೆ ಹನ್ನೆರಡು ಜಾಗ. ಐದನೆಯದರಲ್ಲಿ ಒಂದೇ ಸಲ ಕೂರಬಹುದು, ತಪ್ಪಿದರೆ ತಪ್ಪಿತು. ಅವಳ ತಾಯಿ ಚನ್ನವ್ವ, ಆಯ್ಕೆಯಾಗದಿದ್ದರೆ ಶಾಲೆ ಬಿಡಿಸಿ ಎಳೆಗೂಸು ನೋಡಿಕೊಳ್ಳಲು ಮನೆಯಲ್ಲಿ ಇಟ್ಟುಕೊಳ್ಳುವುದಾಗಿ ಆಗಲೇ ಹೇಳಿದ್ದಳು.

ಅರ್ಜಿಯ ಫೋಟೋವನ್ನು ಅಕ್ಕೋರೇ ಮೊಬೈಲಿನಲ್ಲಿ ತೆಗೆದರು. ಹುಡುಗಿ ನಗಲೆಂದು, ಸೆಲ್ಫಿಯ ಹಾಗೆ ಅವಳ ಮುಖ ಅವಳಿಗೇ ಕಾಣುವಂತೆ ಹಿಡಿದಿದ್ದರು. ಎರಡು ಜಡೆ, ಕೆಂಪು ರಿಬ್ಬನ್ನು, ಎದೆಗೆ ಶಾಲೆಯ ಬ್ಯಾಜು.

ಮುಂದಿನ ತಪ್ಪು ನನ್ನದು. ಪಾಸಾದರೆ ಇವಳ ಮುಡಿ ಕೊಡಿಸುತ್ತೇನೆಂದು ದ್ಯಾಮವ್ವನಿಗೆ ಹರಕೆ ಹೊತ್ತಿದ್ದೆ. ದಿನ ಹತ್ತಿರ ಬಂದಂತೆ ಎದೆ ತಡೆಯಲಿಲ್ಲ. ಮೊದಲೇ ಕೊಟ್ಟರೆ ದೇವಿ ಇಲ್ಲ ಎನ್ನಲಾರಳು ಎಂದುಕೊಂಡೆ. ಚನ್ನವ್ವ ಹೂಂ ಎಂದಳು. ಪರೀಕ್ಷೆಯ ಹಿಂದಿನ ದಿನ ಗುಡಿಯ ಮುಂದೆ ತಲೆ ಬೋಳಿಸಿದೆವು.

ಮುಂಜಾನೆ ಬಸ್ಸಿನ ಹತ್ತಿರ ಅಕ್ಕೋರು ಅವಳನ್ನು ನೋಡಿ ಹಣೆ ಬಡಿದುಕೊಂಡರು. "ಏನ್ ಮಾಡೀರಿ ಲಕ್ಕವ್ವ! ಹಾಲ್ ಟಿಕೆಟ್ಟಿನ್ಯಾಗ ಜಡಿ ಅದಾವಲ್ರಿ!"

ಬಾಗೇವಾಡಿಯ ಪರೀಕ್ಷಾ ಕೇಂದ್ರ ಮುಟ್ಟುವಾಗ ಹೊತ್ತೇರಿತ್ತು.

ಗೇಟಿನ ಸಾಹೇಬರು ಚೀಟಿ ನೋಡಿದರು, ಅವಳನ್ನು ನೋಡಿದರು. "ಇದು ಹುಡುಗಾ ಐತೆಲ್ಲಬೇ ಮುದುಕಿ!"

"ಹುಡುಗೀರಿ. ಮುಡಿ ಕೊಟ್ಟೇವ್ರಿ."

"ಕೂದಲ ಹೋಗ್ಲಿ. ಫೋಟೋದಾಗ ಮಚ್ಚಿ ಬಲಗಡೆ ಐತಿ, ಈಕಿಗೆ ಎಡಗಡೆ. ಬ್ಯಾರೇದಾಕಿನ್ನ ಕೂಡಸಾಕ ಬಂದೀರೇನು?"

ಅಕ್ಕೋರು ತಮ್ಮ ಗುರುತಿನ ಚೀಟಿ ತೋರಿಸಿದರು. "ನೀವೂ ಅದರಾಗ ಇರಬಹುದಲ್ರಿ," ಎಂದರು ಸಾಹೇಬರು. ಒಳಗಿನ ಗೋಡೆಗಡಿಯಾರದಲ್ಲಿ ಹನ್ನೊಂದಕ್ಕೆ ಆರು ನಿಮಿಷ ಇತ್ತು. ಹನ್ನೊಂದಕ್ಕೆ ಗೇಟು ಹಾಕುತ್ತಾರೆ. ನಮ್ಮ ಹಿಂದಿನ ಮಕ್ಕಳೆಲ್ಲ ಒಳಗೆ ಹೋಗಿಯಾಯಿತು. ನಾನು ಗೇಟಿನ ಸರಳು ಹಿಡಿದು, "ತಪ್ಪು ನಂದ್ರಿ, ಹುಡುಗಿದಲ್ರಿ," ಎಂದು ಅದನ್ನೇ ಹೇಳುತ್ತಿದ್ದೆ. ಮೂರು ನಿಮಿಷ ಉಳಿಯಿತು.

"ಸಾಹೇಬ್ರ," ಎಂದಳು ಶೇವಂತೆವ್ವ. "ಸಾಲಿ ಬ್ಯಾಜ್ ನಾ ಯಾವ ಕಡೆ ಹಚ್ಚೇನ್ರಿ?"

"ಎಡಕ್ಕ."

"ಎಲ್ಲಾರೂ ಎಡಕ್ಕ ಹಚ್ಚತಾರ್ರಿ. ಫೋಟೋದಾಗ ನೋಡ್ರಿ, ಬಲಕ್ಕ ಐತಿ. ಮಚ್ಚಿ ಒಂದ ಅಲ್ರಿ, ಇಡೀ ಫೋಟೋನ ತಿರುಗೇತಿ. ಚೀಟಿ ಬಿಸಿಲಿಗೆ ಹಿಡದು ಹಿಂದಿನಿಂದ ನೋಡ್ರಿ."

ಅವರು ಚೀಟಿಯನ್ನು ತಿರುವಿ ಬಿಸಿಲಿಗೆ ಹಿಡಿದರು. ಹೆಬ್ಬೆರಳಿನಿಂದ ಜಡೆ ಮುಚ್ಚಿದರು. ಈಗ ಎಡಗಡೆಗೆ ಬಂದ ಮಚ್ಚೆಯನ್ನೂ ಅವಳ ಕೆನ್ನೆಯನ್ನೂ ನೋಡಿದರು.

"ಯಾರ್ ಕಲಿಸ್ಯಾರ ನಿನಗ ಇದನ್ನ?"

"ಪಾತೇಲಿರಿ."

ಗಂಟೆ ಹೊಡೆಯಿತು. "ಓಡು!" ಎಂದು ಅವರು ಗೇಟು ಸರಿಸಿದರು. ಬೋಳುತಲೆ ಅಂಗಳ ದಾಟಿ ಓಡುವುದನ್ನು ನೋಡುತ್ತ ನಾನು ಅಲ್ಲೇ ನೆಲಕ್ಕೆ ಕೂತೆ.

ಪಟ್ಟಿಯಲ್ಲಿ ಅವಳ ಹೆಸರು ಒಂಬತ್ತನೆಯದು. ಚನ್ನವ್ವ ಅದನ್ನು ಎರಡು ಸಲ ಓದಿಸಿಕೊಂಡಳು.

ಜೂನ್ ತಿಂಗಳಲ್ಲಿ ಚನ್ನವ್ವನ ಸಂಗಡ ನಾನೂ ಅವಳನ್ನು ಬಿಡಲು ಹೋದೆ. ಕೂದಲು ಎರಡು ಬೆರಳಷ್ಟು ಬೆಳೆದಿತ್ತು. ಟ್ರಂಕು ಒಳಗಿಟ್ಟು, ಮತ್ತೆ ಬಾಗಿಲ ತನಕ ಓಡಿ ಬಂದಳು.

"ಆಯಿ, ಸೂಟಿಗೆ ಮನಿಗೆ ಬರೋದ್ರಾಗ ನನಗ ಜಡಿ ಬಂದಿರ್ತಾವ. ನೀನರ ಗುರ್ತ ಹಿಡೀತಿ ಹೌದಿಲ್ಲೋ?"